ಪುಟದಲ್ಲಿದ್ದ ಗೆರೆ ಪರದೆಗೆ ಬರುವಷ್ಟರಲ್ಲಿ

ಬಾಕ್ಸಿಂಗ್ ಅಂಕಣದ ಮೂಲೆಯಲ್ಲಿ ಒಬ್ಬ ಹುಡುಗ ಸ್ಟೂಲಿನ ಮೇಲೆ ಕೂತಿದ್ದಾನೆ. ತಲೆ ಬಾಗಿದೆ. ಕಣ್ಣು ಮುಚ್ಚಿದೆ. ತುಟಿಯಲ್ಲಿ ಕಂಡೂ ಕಾಣದಂಥ ನಗು. ಮೈಯ ಹೊರಗೆರೆ ಬಿಟ್ಟರೆ ಆ ಆಕೃತಿಯಲ್ಲಿ ಶಾಯಿಯೇ ಇಲ್ಲ ಅನ್ನಬೇಕು. ಕಥೆಯುದ್ದಕ್ಕೂ ಕಡುಕಪ್ಪಾಗಿದ್ದ ಅವನ ಕೂದಲು ಕೂಡ ಈಗ ಬರೀ ಬಿಳಿ.

ಇದು ‘ಅಶಿತಾ ನೊ ಜೋ’ ಎಂಬ ಮಂಗಾದ ಕೊನೆಯ ಪುಟ. 1968ರಿಂದ 1973ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಕಥೆ ಇಕ್ಕಿ ಕಜಿವಾರಾ ಅವರದು, ಚಿತ್ರ ತೆತ್ಸುಯಾ ಚಿಬಾ ಅವರದು. ಒಂದು ತುಣುಕೂ ಉಳಿಯದಂತೆ ಉರಿದು ಬೂದಿಯಾಗಬೇಕು ಎಂದು ಬಯಸಿದ ಬಾಕ್ಸರ್ ಹುಡುಗ ಕೊನೆಗೆ ಹಾಗೆಯೇ ಬಿಳಿ ಬೂದಿಯಾದ. ಅದನ್ನು ತೋರಿಸಲು ಚಿಬಾ ಏನನ್ನೂ ಬಳಿಯಲಿಲ್ಲ. ಬಳಿಯುವುದನ್ನು ನಿಲ್ಲಿಸಿಬಿಟ್ಟರು. ಕಾಗದವೇ ಬೂದಿಯಾಯಿತು.

ಈಗ ಇದೇ ಪುಟವನ್ನು ಬಣ್ಣದ ಟಿ.ವಿ.ಗೆ ತರಬೇಕು ಎಂದುಕೊಳ್ಳಿ. ಆ ಕೂದಲಿಗೆ ಯಾವ ಬಣ್ಣ? ಬಿಳಿ ಎನ್ನಬಹುದು. ಆದರೆ ಬಳಿದ ಬಿಳಿ ಬೇರೆ, ಬಿಟ್ಟ ಬಿಳಿ ಬೇರೆ. ರಂಗೋಲಿ ಹಾಕುವವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಎಳೆಗಳ ನಡುವೆ ಉಳಿದ ನೆಲವೂ ರಂಗೋಲಿಯೇ.

ಮಂಗಾ ಎಂದರೆ ಜಪಾನಿನ ಚಿತ್ರಕಥೆ, ಬಹುಪಾಲು ಕಪ್ಪುಬಿಳುಪು, ಬಲದಿಂದ ಎಡಕ್ಕೆ ಓದುವಂಥದು. ಅದೇ ಕಥೆ ಚಲಿಸುವ ಚಿತ್ರವಾದರೆ ಅನಿಮೆ. ಇವತ್ತು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳಲ್ಲಿ ಮಂಗಾಕ್ಕೆಂದೇ ಬೇರೆ ಕಪಾಟುಗಳಿವೆ. ಮೊದಲು ಅನಿಮೆ ನೋಡಿ ಆಮೇಲೆ ಪುಸ್ತಕ ಹುಡುಕಿಕೊಂಡು ಬರುವ ಹುಡುಗ ಹುಡುಗಿಯರೇ ಅಲ್ಲಿ ಹೆಚ್ಚು. ಅವರಲ್ಲಿ ಅನೇಕರ ಬಾಯಲ್ಲಿ ಒಂದು ಮಾತು ಬರುತ್ತದೆ: ಕಥೆ ಅದೇ, ಮಾತೂ ಅದೇ, ಆದರೆ ಪುಸ್ತಕದಲ್ಲಿರುವ ಚಂದ ಅಲ್ಲಿ ಇರಲಿಲ್ಲ.

ಕಾದಂಬರಿ ಸಿನಿಮಾ ಆದಾಗ ನಮ್ಮ ತಕರಾರು ಬೇರೆ ಥರದ್ದು. ಆ ಅಧ್ಯಾಯ ಬಿಟ್ಟರು, ಆ ಪಾತ್ರವನ್ನು ಕೆಡಿಸಿದರು, ಕೊನೆ ಬದಲಾಯಿಸಿದರು ಎನ್ನುತ್ತೇವೆ. ಮಂಗಾ ಅನಿಮೆಯಾದಾಗ ಒಂದು ಘಟನೆಯೂ ಬಿಟ್ಟುಹೋಗದೆ, ಒಂದು ಮಾತೂ ಬದಲಾಗದೆ, ಚೌಕದಿಂದ ಚೌಕಕ್ಕೆ ಹಾಗೇ ಬಂದರೂ ಏನೋ ಸೋರಿಹೋಗಿರುತ್ತದೆ. ಆ ಸೋರಿಕೆ ಎಲ್ಲಿ ಆಗುತ್ತದೆ ಎಂದು ತಿಳಿಯಲು ಒಂದು ಪುಟ ಹೇಗೆ ಹುಟ್ಟುತ್ತದೆ, ಒಂದು ಸೆಕೆಂಡು ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಹಿಂದೆ ನಮ್ಮ ಶಾಲೆಗಳಲ್ಲಿ ಮಸಿಕುಡಿಕೆಗೆ ಅದ್ದಿ ಬರೆಯುತ್ತಿದ್ದ ಟಾಕು ನೆನಪಿರುವವರಿಗೆ ಮಂಗಾದ ಲೇಖನಿ ಹೊಸದೇನಲ್ಲ. ಜಪಾನಿನ ಚಿತ್ರಗಾರರು ಬಹುಕಾಲ ನೆಚ್ಚಿಕೊಂಡದ್ದು ಜಿ-ಪೆನ್ ಎಂಬ ಉಕ್ಕಿನ ನಿಬ್ಬನ್ನು. ಒತ್ತಿದರೆ ಅದರ ಸೀಳಿದ ತುದಿ ಅಗಲವಾಗಿ ಗೆರೆ ದಪ್ಪಗಾಗುತ್ತದೆ. ಕೈ ಹಗುರ ಮಾಡಿದರೆ ಕೂದಲೆಳೆಯಾಗಿ ತೆಳುವಾಗುತ್ತಾ ಕಾಗದದಲ್ಲೇ ಕರಗಿಹೋಗುತ್ತದೆ. ಒಂದು ಹುಬ್ಬು, ಒಂದು ಕತ್ತಿಯ ಅಂಚು, ಗಾಳಿಗೆ ಹಾರಿದ ಒಂದು ಎಳೆ ಕೂದಲು, ಎಲ್ಲದರಲ್ಲೂ ಕೈಯ ಭಾರ, ಕೈಯ ವೇಗ, ಕೆಲವೊಮ್ಮೆ ಕೈಯ ಆಯಾಸ ಕೂಡ ಅಚ್ಚೊತ್ತಿರುತ್ತದೆ. ನೆರಳಿಗೆ ಚುಕ್ಕಿಗಳು ಅಚ್ಚಾದ ಅಂಟುಹಾಳೆ, ಸ್ಕ್ರೀನ್‌ಟೋನ್. ಅದನ್ನು ಬ್ಲೇಡಿನಿಂದ ಬೇಕಾದ ಆಕಾರಕ್ಕೆ ಕತ್ತರಿಸಿ ಅಂಟಿಸುತ್ತಾರೆ, ಬೆಳಕು ಬೇಕಾದ ಕಡೆ ಅದೇ ಬ್ಲೇಡಿನಿಂದ ಕೆರೆಯುತ್ತಾರೆ. ಈಗ ಅನೇಕರು ಕಂಪ್ಯೂಟರಿನಲ್ಲೇ ಬರೆಯುತ್ತಾರೆ. ಆದರೂ ಅವರು ಹುಡುಕುವುದು ಆ ನಿಬ್ಬಿನ ಗುಣವನ್ನೇ.

ಕಪ್ಪುಬಿಳುಪು ಶುರುವಾದದ್ದು ಕಾಸಿನ ಲೆಕ್ಕದಿಂದ. ‘ಶೋನೆನ್ ಜಂಪ್’ ವಾರಪತ್ರಿಕೆ 1990ರ ದಶಕದ ನಡುವೆ ವಾರಕ್ಕೆ 65 ಲಕ್ಷಕ್ಕೂ ಹೆಚ್ಚು ಪ್ರತಿಗಳವರೆಗೆ ಅಚ್ಚಾಗುತ್ತಿತ್ತು. ಅಗ್ಗದ, ಒರಟು ಕಾಗದ. ಓದಿ ಎಸೆಯುವಂಥದು. ಒಬ್ಬ ಚಿತ್ರಗಾರ ವಾರಕ್ಕೆ ಸುಮಾರು 19 ಪುಟ ಕೊಡಬೇಕು. ಬಣ್ಣಕ್ಕೆ ಹಣವೂ ಇಲ್ಲ, ಪುರುಸೊತ್ತೂ ಇಲ್ಲ. ಆದರೆ ಆ ಬಡತನದಿಂದಲೇ ಒಂದು ಭಾಷೆ ಬೆಳೆಯಿತು. ಬಿಳಿ ಎಂದರೆ ಹಿಮವಾಯಿತು, ಬಿಸಿಲಾಯಿತು, ಭಯವಾಯಿತು, ನೆನಪಾಯಿತು. ‘ಡ್ರ್ಯಾಗನ್ ಬಾಲ್’ನ ಗೋಕು ‘ಸೂಪರ್ ಸಾಯಿಯಾನ್’ ಎಂಬ ಮಹಾಶಕ್ತಿಯ ರೂಪ ತಾಳಿದಾಗ ಅವನ ಕೂದಲು ಹೊಳೆಯುತ್ತದಲ್ಲ, ಪುಟದಲ್ಲಿ ಅದು ಬರೀ ಬಿಳಿ. ಗೋಕುವಿನ ಕಪ್ಪು ಕೂದಲಿಗೆ ಶಾಯಿ ತುಂಬಿ ತುಂಬಿ ಸಹಾಯಕನ ಹೊತ್ತೆಲ್ಲ ಹೋಗುತ್ತಿತ್ತು, ಆ ಕೆಲಸ ಉಳಿಸಲು ಹಾಗೆ ಮಾಡಿದೆ ಎಂದು ಅದನ್ನು ಬರೆದ ಅಕಿರಾ ತೊರಿಯಾಮಾ ಅವರೇ ಹೇಳಿಕೊಂಡಿದ್ದರು. ಕಾರಣ ಏನೇ ಇರಲಿ, ಓದುಗರಿಗೆ ಕಂಡದ್ದು ಬೆಳಕು. ಅನಿಮೆಯಲ್ಲಿ ಅದು ಬಂಗಾರದ ಬಣ್ಣವಾಯಿತು. ಚೆನ್ನಾಗಿಯೇ ಇದೆ, ಲೋಕಪ್ರಸಿದ್ಧವೂ ಆಯಿತು. ಆದರೂ ಕಪ್ಪು ಪುಟದ ನಡುವೆ ಏಕಾಏಕಿ ಶಾಯಿ ಖಾಲಿಯಾದಂತೆ ಬೆಳಗುವ ಆ ತಲೆ ಪುಸ್ತಕದಲ್ಲಿ ಮಾತ್ರ ಇದೆ.

ಇನ್ನು ಸದ್ದು. ಮಂಗಾದಲ್ಲಿ ಸದ್ದನ್ನು ಬರೆಯುತ್ತಾರೆ, ಅಂದರೆ ಚಿತ್ರವಾಗಿ ಬರೆಯುತ್ತಾರೆ. ಕನ್ನಡಿಗರಿಗೆ ಇದು ಬೇಗ ಅರ್ಥವಾಗಬೇಕು. ರಪರಪ, ಧಗಧಗ, ಗುಡುಗುಡು, ಮಿಣಮಿಣ ಎಂಬ ಅನುಕರಣಾವ್ಯಯಗಳಿಲ್ಲದೆ ನಮ್ಮ ಮಾತೇ ಸಾಗುವುದಿಲ್ಲ. ಜಪಾನಿ ಭಾಷೆಯೂ ಹಾಗೆಯೇ ಅನುಕರಣಪದಗಳ ಗಣಿ. ಮೌನಕ್ಕೂ ಅವರಲ್ಲೊಂದು ಪದವಿದೆ, ‘ಶೀನ್’. ನಮ್ಮ ‘ಗವ್ವೆನ್ನುವ’ ಕತ್ತಲೆ ಇದ್ದಂತೆ. ಖಾಲಿ ಕೋಣೆಯ ಚಿತ್ರದ ಮೇಲೆ ತೆಳ್ಳಗೆ, ಉದ್ದಕ್ಕೆ ಎಳೆದ ಆ ಅಕ್ಷರಗಳೇ ನಿಶ್ಶಬ್ದವನ್ನು ಕಣ್ಣಿಗೆ ಕಾಣಿಸುತ್ತವೆ. ಅನಿಮೆಯಲ್ಲಿ ಗುಡುಗು ಗುಡುಗಾಗಿಯೇ ಕೇಳಿಸುತ್ತದೆ, ಸರಿ. ಆದರೆ ಆ ಅಕ್ಷರಗಳ ಆಕಾರ, ಚೌಕ ಒಡೆದು ಹೊರಚಾಚಿದ ಅವುಗಳ ಕೈಕಾಲು ಮಾಯ. ‘ಜೊಜೊ’ ಸರಣಿಯ ಅನಿಮೆ 2012ರಿಂದ ಆ ಅಕ್ಷರಗಳನ್ನು ಪರದೆಯ ಮೇಲೂ ಇಟ್ಟುಕೊಂಡಿತು. ಅಂಥ ಧೈರ್ಯ ಅಪರೂಪ.

ಈಗ ಅನಿಮೆಯ ಕಡೆಯ ಲೆಕ್ಕ. ಚಲನಚಿತ್ರದ ಒಂದು ಸೆಕೆಂಡಿಗೆ 24 ಫ್ರೇಮ್. ಜಪಾನಿನ ಟಿ.ವಿ. ಅನಿಮೆಯಲ್ಲಿ ಸಾಮಾನ್ಯವಾಗಿ ಮೂರು ಫ್ರೇಮಿಗೆ ಒಂದು ಚಿತ್ರ, ಅಂದರೆ ಸೆಕೆಂಡಿಗೆ ಎಂಟು. ಈ ಮಿತವ್ಯಯದ ಪದ್ಧತಿ ಗಟ್ಟಿಯಾದದ್ದು 1963ರ ಜನವರಿ 1ರಂದು ಶುರುವಾದ ‘ಆಸ್ಟ್ರೊ ಬಾಯ್’ನಿಂದ. ಒಸಾಮು ತೆಜುಕಾ ತಮ್ಮದೇ ಮಂಗಾವನ್ನು ವಾರಕ್ಕೊಂದು ಕಂತಿನಂತೆ ಟಿ.ವಿ.ಗೆ ತಂದರು. ನಿಂತ ಚಿತ್ರ, ಬಾಯಿ ಮಾತ್ರ ಆಡುವ ಮುಖ, ಒಮ್ಮೆ ಬರೆದದ್ದನ್ನೇ ಮತ್ತೆ ಮತ್ತೆ ಬಳಸುವುದು, ಇವೆಲ್ಲ ಆಗ ರೂಢಿಗೆ ಬಂದವು. ಹಾಗೆ ಉಳಿಸಿದರೂ ಸೆಕೆಂಡಿಗೆ ಎಂಟು ಚಿತ್ರ ಬೇಕಾಗುತ್ತದೆ. ಒಂದು ಮುಖದ ನೆರಳಿಗೆ ಮಂಗಾದಲ್ಲಿ ನೂರು ಗೀರು ಎಳೆದಿದ್ದರೆ ಅನಿಮೆಯ ಒಂದು ಸೆಕೆಂಡಿಗೆ ಎಂಟುನೂರು ಗೀರು. ಅದೂ ಪ್ರತಿ ಸಲ ಅಲ್ಲಲ್ಲೇ ಬೀಳಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಪರದೆಯ ಮೇಲೆ ಆ ಗೀರುಗಳೆಲ್ಲ ಇರುವೆಗೂಡು ಕೆದಕಿದಂತೆ ಮಿಜಿಗುಡುತ್ತವೆ. ಆದ್ದರಿಂದ ಮೊದಲು ಹೋಗುವುದು ಗೀರು.

ಆಮೇಲೆ ಬಣ್ಣ. ಸೆಲ್ ಎಂಬ ಪಾರದರ್ಶಕ ಹಾಳೆಯ ಕಾಲದಲ್ಲಿ ಮುಂದೆ ಗೆರೆ, ಹಿಂದೆ ಬಣ್ಣ. ಕಂಪ್ಯೂಟರ್ ಬಂದ ಮೇಲೆ ಗೆರೆಯನ್ನು ಸ್ಕ್ಯಾನ್ ಮಾಡಿ ಅದರೊಳಗೆ ಬಣ್ಣ ಸುರಿಯುತ್ತಾರೆ. ಸುರಿಯುತ್ತಾರೆ ಎಂದೆ, ಏಕೆಂದರೆ ಅದು ನೀರಿನಂತೆಯೇ ವರ್ತಿಸುತ್ತದೆ. ಗೆರೆಯಲ್ಲಿ ಎಲ್ಲಾದರೂ ಒಂದು ಸಣ್ಣ ಸಂದಿದ್ದರೆ ಬಣ್ಣ ಅಲ್ಲಿಂದ ಹೊರಗೆ ಸೋರುತ್ತದೆ. ಅದಕ್ಕೇ ಎಲ್ಲ ಗೆರೆಯೂ ಗದ್ದೆಯ ಬದುವಿನಂತೆ ಸುತ್ತಲೂ ಮುಚ್ಚಿರಬೇಕು. ಮಂಗಾದ ಚಿತ್ರಗಾರ ಕೆನ್ನೆಯ ಗೆರೆಯನ್ನು ಅರ್ಧಕ್ಕೇ ಕೈಬಿಟ್ಟಿರುತ್ತಾನೆ, ಬಿಸಿಲು ಬಿದ್ದ ಭುಜಕ್ಕೆ ಗೆರೆಯನ್ನೇ ಎಳೆದಿರುವುದಿಲ್ಲ. ಉಳಿದರ್ಧವನ್ನು ನಮ್ಮ ಕಣ್ಣು ಪೂರ್ತಿ ಮಾಡುತ್ತದೆ. ಅನಿಮೆಯಲ್ಲಿ ಯಾರೋ ಆ ಬಾಗಿಲನ್ನು ಮುಚ್ಚಲೇಬೇಕು. ನಮ್ಮ ಕಣ್ಣಿಗೆ ಕೆಲಸ ಉಳಿಯುವುದಿಲ್ಲ.

ಮೂರನೆಯದು ಕೈ. ಒಂದು ಕಂತಿಗೆ ಸುಮಾರು ಮುನ್ನೂರು ಕಟ್‌ಗಳು, ಹತ್ತಾರು ಜನ ಚಿತ್ರಗಾರರು. ಎಲ್ಲರೂ ಬರೆದ ಮುಖ ಒಂದೇ ಮುಖವಾಗಿ ಕಾಣಬೇಕು. ಅದಕ್ಕಾಗಿ ‘ಸೆತ್ತೇ’ ಎಂಬ ಮಾದರಿ ಹಾಳೆಗಳು: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ನಕ್ಕಾಗ, ಅತ್ತಾಗ. ಎಲ್ಲರಿಗೂ ಎಟುಕುವಂಥ ಗೆರೆ ಅಲ್ಲಿ ನಿಗದಿಯಾಗುತ್ತದೆ. ಮುಖ್ಯ ಭಂಗಿಗಳನ್ನು ಬರೆಯುವ ‘ಗೆಂಗಾ’ ಕಲಾವಿದರ ಪೆನ್ಸಿಲಿನಲ್ಲಿ ಇನ್ನೂ ಉಸಿರಿರುತ್ತದೆ. ಅದು ‘ದೋಗಾ’ ಹಂತಕ್ಕೆ ಹೋದಾಗ ಇನ್ನೊಬ್ಬರು ಅದರ ಮೇಲೆ ಸಮ ದಪ್ಪದ, ಶುಚಿಯಾದ ಗೆರೆ ಎಳೆದು ನಡುವಿನ ಚಿತ್ರಗಳನ್ನು ತುಂಬುತ್ತಾರೆ. ನಾವು ನೋಡುವುದು ಆ ಶುಚಿಯಾದ ಗೆರೆಯನ್ನು. ಯಾರ ಸೋಮಾರಿತನವೂ ಇದರಲ್ಲಿಲ್ಲ. ಕಡಿಮೆ ಸಂಬಳಕ್ಕೆ ರಾತ್ರಿಯೆಲ್ಲ ಕೂತು ಬರೆಯುವವರ ಶ್ರಮ ಅದು. ಆದರೆ ಈ ದಾರಿಯೇ ಹೇಗಿದೆಯೆಂದರೆ ಹೆಜ್ಜೆ ಹೆಜ್ಜೆಗೂ ಒಬ್ಬನ ಕೈಗುರುತು ಒರೆಸಿಹೋಗುತ್ತದೆ.

ಹಣ, ಸಮಯ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದಕ್ಕೆ ‘ಬರ್ಸರ್ಕ್’ ಸಾಕ್ಷಿ.

ಕೆಂತಾರೊ ಮಿಯುರಾ 1989ರಲ್ಲಿ ಶುರುಮಾಡಿ 2021ರ ಮೇ ತಿಂಗಳಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಬರೆಯುತ್ತಲೇ ಇದ್ದ ಮಂಗಾ ಇದು. ಅದರ ಯಾವುದಾದರೂ ಯುದ್ಧದ ಪುಟ ತೆರೆಯಿರಿ. ಆಳೆತ್ತರ ಮೀರಿದ ಕಬ್ಬಿಣದ ಹಲಗೆಯಂಥ ಕತ್ತಿ ಹಿಡಿದ ಗಟ್ಸ್ ನಿಂತಿದ್ದಾನೆ. ಅವನ ರಕ್ಷಾಕವಚದ ಒಂದೊಂದು ತಗಡಿಗೂ ಬೇರೆ ಬೇರೆ ದಿಕ್ಕಿನ ಗೀರು. ಮೇಲಂಗಿಯ ಮಡಿಕೆಯೊಳಗೆ ಗೀರು ಒತ್ತಾಗಿ, ಅಂಚಿಗೆ ಬಂದಂತೆ ವಿರಳವಾಗಿ. ಹಿಂದಿನ ಕಾಡಿನಲ್ಲಿ ಒಂದೊಂದು ಬೇರಿಗೂ ಗೀರು. ಕಣ್ಣು ಆ ಪುಟದಲ್ಲಿ ಸಲೀಸಾಗಿ ಜಾರುವುದಿಲ್ಲ, ಅಲ್ಲಲ್ಲಿ ತಡೆದು ನಿಲ್ಲುತ್ತದೆ. ಆ ತಡೆಯಿಂದಲೇ ಕತ್ತಿಯ ತೂಕ ನಮ್ಮ ಅರಿವಿಗೆ ಬರುವುದು. ಒಂದು ಗೀರು ಕತ್ತಲೆ, ಇನ್ನೊಂದು ಕೊಳೆ, ಮತ್ತೊಂದು ದಣಿವು.

2016ರಲ್ಲಿ ಬಂದ ‘ಬರ್ಸರ್ಕ್’ ಟಿ.ವಿ. ಸರಣಿ ಈ ಗೀರುಗಳನ್ನು ಮರೆತಿತ್ತು ಎನ್ನಲಾಗದು. ಕಂಪ್ಯೂಟರಿನಲ್ಲಿ ಕಟ್ಟಿದ ಮೂರು ಆಯಾಮದ ಬೊಂಬೆಗಳ ಮುಖ, ಮೈಗೆ ಅಂಥದೇ ಗೀರುಗಳನ್ನು ಅಂಟಿಸಿದರು. ಬಾಗಿಲು ತೆರೆದು ಬೆಳಕು ಬಂದರೂ, ಕ್ಯಾಮೆರಾ ಸುತ್ತ ತಿರುಗಿದರೂ ಅವು ಹಚ್ಚೆಯಂತೆ ಚರ್ಮಕ್ಕೆ ಕಚ್ಚಿಕೊಂಡೇ ಇದ್ದವು. ಮಿಯುರಾ ಅವರಲ್ಲಿ ಗೀರು ಎಂದರೆ ಬೆಳಕಿನ ಲೆಕ್ಕ. ಇಲ್ಲಿ ಅದು ಬರೀ ಅಲಂಕಾರ. ಕ್ಯಾಮೆರಾ ಒಂದು ಕಡೆ ನಿಲ್ಲದೆ ಗಿರಗಿರ ತಿರುಗಿದ್ದರಿಂದ ಕತ್ತಿಗೆ ತೂಕವೂ ಉಳಿಯಲಿಲ್ಲ. ಅಭಿಮಾನಿಗಳು ನೊಂದುಕೊಂಡದ್ದು ನ್ಯಾಯವೇ.

ಅದಕ್ಕೂ ಮೊದಲು, 1997ರಲ್ಲಿ, ಇದೇ ಕಥೆಯನ್ನು 25 ಕಂತುಗಳಲ್ಲಿ ತಂದಿದ್ದರು. ಚಲನೆ ಕಡಿಮೆ. ಎಷ್ಟೋ ಕಡೆ ಬಣ್ಣ ಬಳಿದ ನಿಂತ ಚಿತ್ರವೊಂದರ ಮೇಲೆ ಕ್ಯಾಮೆರಾ ನಿಧಾನ ಸರಿಯುತ್ತದೆ, ಅಷ್ಟೆ. ಸುಸುಮು ಹಿರಾಸಾವಾ ಅವರ ಸಂಗೀತ ಹಿಂದೆ ಇರುತ್ತದೆ. ಕೈಯಲ್ಲಿ ಕಾಸಿಲ್ಲದ ಸರಣಿ ಅದು ಎಂದು ನೋಡಿದರೇ ತಿಳಿಯುತ್ತದೆ. ಆದರೂ ಮಿಯುರಾ ಅವರ ಪುಟದ ಮುಂದೆ ಕೂತಾಗ ಆಗುವ ಎದೆಭಾರ ಅಲ್ಲಿ ಆಗುತ್ತದೆ. ಗೀರುಗಳನ್ನು ನಕಲು ಮಾಡಲು ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೀರು ಮಾಡುತ್ತಿದ್ದ ಕೆಲಸವನ್ನು, ಅಂದರೆ ಕಣ್ಣನ್ನು ತಡೆದು ನಿಲ್ಲಿಸುವುದನ್ನು, ಅವರು ನಿಶ್ಚಲತೆಯಿಂದ ಮಾಡಿಸಿದರು.

ಇದೇ ಮಾತನ್ನು ಒಬ್ಬನೇ ನಿರ್ದೇಶಕನ ಮೂರು ಕೆಲಸಗಳಲ್ಲಿ ಇನ್ನೂ ಚೆನ್ನಾಗಿ ನೋಡಬಹುದು. ಹಿರೋಶಿ ನಾಗಹಾಮಾ 2005ರಲ್ಲಿ ಯುಕಿ ಉರುಶಿಬಾರಾ ಅವರ ‘ಮುಶಿಶಿ’ಯನ್ನು ಅನಿಮೆ ಮಾಡಿದರು. ಕಣ್ಣಿಗೆ ಕಾಣದ ಜೀವಿಗಳ ಬೆನ್ನುಹತ್ತಿ ಊರೂರು ಅಲೆಯುವ ಗಿಂಕೊ ಎಂಬ ಬಿಳಿಗೂದಲಿನವನ ಕಥೆಗಳು. ಉರುಶಿಬಾರಾ ಅವರ ಗೆರೆ ತುಸು ಒರಟು, ಮಂಜಿನೊಳಗಿಂದ ಕಂಡಂತೆ ಅಸ್ಪಷ್ಟ. ನಾಗಹಾಮಾ ಆ ಗೆರೆಯನ್ನು ಹಾಗೇ ತರಲು ಹೋಗಲಿಲ್ಲ. ಮಂಜನ್ನು ಕಾಡಿನ ಹಸಿರಿಗೆ, ಹಿನ್ನೆಲೆಯ ಬಣ್ಣಗಳಿಗೆ, ಮಾತು ಮಾತಿನ ನಡುವಿನ ಮೌನಕ್ಕೆ ಹಂಚಿಬಿಟ್ಟರು. ಮಲೆನಾಡಿನ ಮಳೆಗಾಲದಲ್ಲಿ ಒಂಟಿ ಮನೆಯ ಜಗಲಿಯಲ್ಲಿ ಕೂತು ನೋಡಿದರೆ ಹೊರಗಿನ ಮಳೆ ಯಾವುದು, ಒಳಗಿನದು ಯಾವುದು ತಿಳಿಯದಂಥ ಅನಿಮೆ. ಮಂಗಾದಿಂದ ಬಂದ ಅನಿಮೆಗಳಲ್ಲಿ ನನಗೆ ಇದಕ್ಕಿಂತ ಮಿಗಿಲಾದದ್ದು ಕಂಡಿಲ್ಲ.

2013ರಲ್ಲಿ ಅವರು ಶುಝೊ ಒಶಿಮಿ ಅವರ ‘ಅಕು ನೊ ಹನಾ’ ಕೈಗೆತ್ತಿಕೊಂಡಾಗ ಮಂಗಾದ ಚಿತ್ರಶೈಲಿಯನ್ನೇ ಪೂರ್ತಿ ಕೈಬಿಟ್ಟರು. ನಟರನ್ನು ಕ್ಯಾಮೆರಾದಲ್ಲಿ ಹಿಡಿದು, ಆ ದೃಶ್ಯದ ಮೇಲೆ ಗೆರೆ ಎಳೆಯುವ ರೊಟೊಸ್ಕೋಪ್ ವಿಧಾನ. ದೊಡ್ಡ ಕಣ್ಣಿನ ಚಂದದ ಮಕ್ಕಳನ್ನು ನಿರೀಕ್ಷಿಸಿದವರಿಗೆ ಬೆಚ್ಚಿಬೀಳುವಂತಾಯಿತು. ಅನೇಕರು ಸಿಟ್ಟಾದರು. ಆ ಕಥೆಯ ಉಸಿರುಗಟ್ಟುವಿಕೆಗೆ ಅದು ಸರಿಹೊಂದಿತು ಎಂದು ನನಗನ್ನಿಸುತ್ತದೆ. ಆದರೆ ಒಶಿಮಿ ಅವರ ಗೆರೆಗಾಗಿಯೇ ಪುಸ್ತಕ ಪ್ರೀತಿಸಿದವರಿಗೆ ಅಲ್ಲಿ ಏನೂ ಸಿಗಲಿಲ್ಲ.

ಮೂರನೆಯದು ‘ಉಝುಮಾಕಿ’. ಜುಂಜಿ ಇಟೊ ಮಂಗಾಕ್ಕೆ ಬರುವ ಮೊದಲು ದಂತ ತಂತ್ರಜ್ಞರಾಗಿದ್ದವರು. ಆ ಕೈಯ ಸೂಕ್ಷ್ಮ ಅವರ ಗೀರುಗಳಲ್ಲಿದೆ. ಸುರುಳಿಯೇ ಶಾಪವಾಗಿ ಕಾಡುವ ಒಂದು ಊರಿನ ಕಥೆಯಿದು. ಮೊದಲ ಅಧ್ಯಾಯದಲ್ಲೇ ಸುರುಳಿಯ ಹುಚ್ಚು ಹಿಡಿದ ಅಪ್ಪನೊಬ್ಬ ಇದ್ದಾನೆ. ಒಂದು ದುಂಡನೆಯ ಮರದ ತೊಟ್ಟಿ. ಪುಟ ತಿರುಗಿಸುತ್ತೇವೆ. ಅದರೊಳಗೆ ಅವನ ದೇಹ ಸುರುಳಿ ಸುತ್ತಿಕೊಂಡು ಬಿದ್ದಿದೆ. ಆ ಪುಟ ತಿರುಗಿಸಿದ್ದು ನಮ್ಮ ಕೈ. ಬೇಡವೆನ್ನುತ್ತಲೇ ತಿರುಗಿಸಿದ ಕೈ. ಭಯ ಹುಟ್ಟುವುದು ಅಲ್ಲಿ. ಚಿತ್ರ ಕಣ್ಣಿಗೆ ಬಿದ್ದ ಮೇಲೆ ಅದು ಅಲುಗುವುದಿಲ್ಲ. ಮುಚ್ಚಬೇಕೆಂದರೂ ನಾವೇ ಮುಚ್ಚಬೇಕು. ಪರದೆಯಲ್ಲಾದರೆ ನಾಲ್ಕು ಸೆಕೆಂಡಿಗೆ ಅದು ತಾನಾಗಿ ಹೋಗುತ್ತದೆ.

2019ರಲ್ಲಿ ಘೋಷಣೆಯಾಗಿ, ಐದು ವರ್ಷ ಕಾಯಿಸಿ, 2024ರ ಸೆಪ್ಟೆಂಬರಿನಲ್ಲಿ ‘ಉಝುಮಾಕಿ’ ಅನಿಮೆ ನಾಲ್ಕು ಕಂತುಗಳಲ್ಲಿ ಬಂತು. ಈ ಸಲ ನಾಗಹಾಮಾ ತಂಡ ಹಿಡಿದದ್ದು ನಿಷ್ಠೆಯ ದಾರಿ: ಕಪ್ಪುಬಿಳುಪು, ಇಟೊ ಅವರದೇ ಗೀರುಗಳು. ಮೊದಲ ಕಂತು ನೋಡಿ ಲೋಕವೇ ಬೆರಗಾಯಿತು. ಪುಟವೇ ಎದ್ದು ನಡೆದಂತಿತ್ತು. ಎರಡನೆಯ ಕಂತಿಗೇ ಅದು ಕುಸಿಯಿತು. ನಡಿಗೆ ಬಿಗಿಯಾಯಿತು, ಮುಖಗಳು ಸಪ್ಪಗಾದವು, ಗೀರು ತೆಳುವಾಯಿತು. ನಿರ್ಮಾಣದಲ್ಲಿ ತೊಂದರೆಯಾದದ್ದನ್ನು ಅದರ ಹೊಣೆ ಹೊತ್ತವರಲ್ಲೊಬ್ಬರು ಬಹಿರಂಗವಾಗಿಯೇ ಒಪ್ಪಿಕೊಂಡರು. ಆ ಮೊದಲ ಕಂತಿನಲ್ಲೂ ನನಗೆ ಒಂದು ಕೊರತೆ ಕಂಡಿತ್ತು. ಮೂರು ಸಂಪುಟಗಳ ಕಥೆಯನ್ನು ನಾಲ್ಕು ಕಂತಿಗೆ ತುಂಬುವ ಅವಸರದಲ್ಲಿ ಪುಟ ತಿರುಗಿಸುವ ಮುಂಚಿನ ಆ ತಡೆ, ಆ ಒಂದು ಉಸಿರು, ಉಳಿದಿರಲಿಲ್ಲ. ಗೆರೆ ಬಂದಿತ್ತು, ಗೆರೆಯ ಕಾಲ ಬಂದಿರಲಿಲ್ಲ.

ಒಬ್ಬನೇ ನಿರ್ದೇಶಕ. ಹತ್ತಿರ ಹತ್ತಿರ ನಕಲಿಗೆ ಹೋದಾಗ ಕೈ ಜಾರಿತು. ದೂರ ನಿಂತು, ಪುಟದ ಗುಣ ಯಾವುದೆಂದು ಕೇಳಿಕೊಂಡಾಗ ಕೈಹಿಡಿಯಿತು.

ಒಸಾಮು ದೆಜಾಕಿ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ತೆಜುಕಾ ಅವರ ಸಂಸ್ಥೆಯಲ್ಲಿ ಪಳಗಿ, 1970ರಲ್ಲಿ ‘ಅಶಿತಾ ನೊ ಜೋ’ವನ್ನು ಟಿ.ವಿ.ಗೆ ತಂದವರು ಇವರೇ. ಓಡುತ್ತಿರುವ ದೃಶ್ಯವನ್ನು ಉತ್ಕಟ ಗಳಿಗೆಯಲ್ಲಿ ಹಠಾತ್ತನೆ ನಿಲ್ಲಿಸುತ್ತಾರೆ. ನಿಂತ ಕ್ಷಣದಲ್ಲಿ ಅದು ಅನಿಮೆಯ ನುಣುಪು ಚಿತ್ರವಾಗಿ ಉಳಿಯುವುದಿಲ್ಲ, ಒರಟು ಗೆರೆ, ಕುಂಚದ ಬಣ್ಣ ಇರುವ ಒಂದು ವರ್ಣಚಿತ್ರವಾಗಿ ಬದಲಾಗುತ್ತದೆ. ಸ್ಟುಡಿಯೋದವರು ಇದನ್ನು ‘ಹಾರ್ಮನಿ’ ಎಂದು ಕರೆಯುತ್ತಾರೆ. ಚಲಿಸಬೇಕಾಗಿಲ್ಲದ ಚಿತ್ರವಾದ್ದರಿಂದ ಅಲ್ಲಿ ಎಷ್ಟು ಗೀರು ಬೇಕಾದರೂ ಹಾಕಬಹುದು! ರಿಯೊಕೊ ಇಕೆದಾ ಅವರ ‘ವರ್ಸೈ ನೊ ಬಾರಾ’ ಮಂಗಾದ 40 ಕಂತುಗಳ ಅನಿಮೆಯನ್ನು 19ನೆಯ ಕಂತಿನಿಂದ ವಹಿಸಿಕೊಂಡಾಗಲೂ ಅವರ ಮುದ್ರೆ ಇದೇ. 1981ರಲ್ಲಿ ಮುಗಿದ ‘ಜೋ’ದ ಎರಡನೆಯ ಸರಣಿಯಲ್ಲಿ, ಮೂಲೆಯಲ್ಲಿ ಕೂತ ಆ ಹುಡುಗನ ಕೊನೆಯ ಚಿತ್ರ ಬಂದಾಗ ದೆಜಾಕಿ ಅದನ್ನು ಅಲುಗಿಸಲಿಲ್ಲ. ನಿಂತ ಚಿತ್ರವಾಗಿಯೇ ಇಟ್ಟರು. ಚಿಬಾ ಅವರ ಬಿಟ್ಟ ಬಿಳಿ ಅಲ್ಲಿ ಸಿಗುವುದಿಲ್ಲ, ಆದರೆ ಚಿಬಾ ಅವರ ಮೌನ ಸಿಗುತ್ತದೆ.

ಬಿಟ್ಟ ಬಿಳಿಯನ್ನೂ ಪರದೆಗೆ ತರಬಹುದು ಎಂದು ತೋರಿಸಿದವರು ಇಸಾವೊ ತಕಹಾತಾ. ಹಿಸಾಯಿಚಿ ಇಶಿಯಿ ದಿನಪತ್ರಿಕೆಗೆ ಬರೆಯುತ್ತಿದ್ದ ನಾಲ್ಕು ಚೌಕದ ವ್ಯಂಗ್ಯಚಿತ್ರಗಳಿಂದ ಅವರು 1999ರಲ್ಲಿ ಯಮದಾ ಕುಟುಂಬದ ಸಿನಿಮಾ ಮಾಡಿದರು. ಜಿಬ್ಲಿ ಸ್ಟುಡಿಯೋದ ಉಳಿದ ಚಿತ್ರಗಳ ತುಂಬು ಹಿನ್ನೆಲೆ ಅಲ್ಲಿಲ್ಲ. ಜಲವರ್ಣದ ನಾಲ್ಕು ಹನಿ, ಅರ್ಧ ಗೋಡೆ, ಒಂದು ಮೇಜು, ಉಳಿದದ್ದೆಲ್ಲ ಖಾಲಿ ಕಾಗದ. ನೋಡಲು ಸರಳವೆನ್ನಿಸುವ ಆ ಗೆರೆ, ಆ ಹಗುರ ಬಣ್ಣ ತರಲು ಸ್ಟುಡಿಯೋ ಮೊದಲ ಬಾರಿಗೆ ಸೆಲ್ ಪೂರ್ತಿ ಬಿಟ್ಟು ಕಂಪ್ಯೂಟರಿಗೆ ಹೋಗಬೇಕಾಯಿತು. ಗೆರೆಯನ್ನು ಮುಚ್ಚದೆ ಬಿಡುವುದು ಅಷ್ಟು ಕಷ್ಟ.

ಅನಿಮೆಯಿಂದ ಮಂಗಾ ಮೇಲೆದ್ದ ಉದಾಹರಣೆಗಳೂ ಇವೆ, ಅದನ್ನು ಹೇಳದಿದ್ದರೆ ಅನ್ಯಾಯ. ‘ಡೀಮನ್ ಸ್ಲೇಯರ್’ ಪುಟಗಳಿಗಿಂತ 2019ರಿಂದ ಯುಫೊಟೇಬಲ್ ಸ್ಟುಡಿಯೋ ಮಾಡಿದ ಅನಿಮೆ ಹೆಚ್ಚು ಸೊಗಸು ಎಂದು ಬಹಳ ಜನ ಒಪ್ಪುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅದರ ‘ಇನ್ಫಿನಿಟಿ ಕ್ಯಾಸಲ್’ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಜನ ಮುಗಿಬಿದ್ದರು. ‘ಒನ್ ಪಂಚ್ ಮ್ಯಾನ್’ ಇನ್ನೊಂದು ಥರ. ಯುಸುಕೆ ಮುರಾತಾ ಬರೆದ ಪುಟಗಳು ಕಾಗದದಲ್ಲೇ ಓಡುತ್ತವೆ. 2015ರ ಮೊದಲ ಸರಣಿ ಆ ಓಟಕ್ಕೆ ಸಾಟಿಯಾಯಿತು. 2019ರಲ್ಲಿ ಸ್ಟುಡಿಯೋ ಬದಲಾಯಿತು, ಅದೇ ನಾಯಕ ಸಪ್ಪಗಾದ.

ಇಷ್ಟೆಲ್ಲ ಆದ ಮೇಲೆ ಇಬ್ಬರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು.

ತಕೆಹಿಕೊ ಇನೋವೆ ಅವರ ‘ಸ್ಲ್ಯಾಮ್ ಡಂಕ್’ 1990ರಿಂದ 1996ರವರೆಗೆ ಬಂದ ಬಾಸ್ಕೆಟ್‌ಬಾಲ್ ಮಂಗಾ. ಅದರ ಕೊನೆಯ ಪಂದ್ಯ ಸಾನ್ನೊ ಶಾಲೆಯ ಎದುರು. ಕೊನೆಯ ಕೆಲವು ಸೆಕೆಂಡುಗಳ ಆಟವನ್ನು ಇನೋವೆ ಹೆಚ್ಚುಕಡಿಮೆ ಮಾತೇ ಇಲ್ಲದೆ ಬರೆದರು. ಸದ್ದಿನ ಅಕ್ಷರಗಳೂ ಇಲ್ಲ. ಪುಟದ ಮೇಲೆ ಪುಟ, ಬೆವರು, ಕೈ, ಚೆಂಡು, ಗಡಿಯಾರ. ಆಮೇಲೆ ಎರಡು ಪುಟದುದ್ದಕ್ಕೂ ಹರಡಿದ ಒಂದೇ ಚಿತ್ರ: ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ಹುಡುಗರು ಅಂಗೈಗೆ ಅಂಗೈ ಹೊಡೆಯುತ್ತಾರೆ. ಓದುವಾಗ ಆ ಚಪ್ಪಾಳೆ ಕಿವಿಗೆ ಕೇಳಿಸುತ್ತದೆ, ಕೇಳಿಸಲೆಂದೇ ಅವರು ಅಷ್ಟು ಪುಟ ಮೌನ ಇಟ್ಟಿದ್ದರು. 1993ರಿಂದ 1996ರವರೆಗೆ 101 ಕಂತು ಬಂದ ಟಿ.ವಿ. ಅನಿಮೆ ಆ ಪಂದ್ಯಕ್ಕೆ ಮೊದಲೇ ನಿಂತುಹೋಗಿತ್ತು.

ಇಪ್ಪತ್ತಾರು ವರ್ಷ ಕಳೆದು, 2022ರ ಡಿಸೆಂಬರಿನಲ್ಲಿ, ಇನೋವೆ ತಾವೇ ಬರೆದು ನಿರ್ದೇಶಿಸಿದ ‘ದಿ ಫಸ್ಟ್ ಸ್ಲ್ಯಾಮ್ ಡಂಕ್’ ಬಂತು. ಆರಂಭದಲ್ಲಿ ಬಿಳಿ ಪರದೆ. ಪೆನ್ಸಿಲ್ ಗೆರೆ ತಾನಾಗಿ ಮೂಡುತ್ತಾ ಒಬ್ಬ ಆಟಗಾರನಾಗುತ್ತದೆ. ಅವನು ನಡೆಯತೊಡಗುತ್ತಾನೆ. ಇನ್ನೊಬ್ಬ, ಮತ್ತೊಬ್ಬ, ಐದೂ ಜನ. ಗೆರೆ ಹುಟ್ಟುವುದನ್ನೇ ತೋರಿಸಿಬಿಟ್ಟರು. ಆಮೇಲಿನ ಆಟವೆಲ್ಲ ಕಂಪ್ಯೂಟರ್ ಬೊಂಬೆಗಳು, ನಿಜವಾದ ಆಟಗಾರರ ಮೈಚಲನೆಯನ್ನು ಹಿಡಿದು ಮಾಡಿದ್ದು. ಅದೇ ತಂತ್ರ ‘ಬರ್ಸರ್ಕ್’ನಲ್ಲಿ ಸೋತಿತ್ತಲ್ಲ! ಇಲ್ಲಿ ಇನೋವೆ ತಾವೇ ಕೂತು ಆ ಮುಖಗಳ ಮೇಲೆ ಗೆರೆ ತಿದ್ದಿದರು, ಹುಬ್ಬಿನ ಕೋನದಿಂದ ತುಟಿಯ ಅಂಚಿನವರೆಗೆ. ಕೊನೆಯ ಸೆಕೆಂಡುಗಳಲ್ಲಿ ಪುಟ ಮಾಡಿದ್ದನ್ನೇ ಸಿನಿಮಾ ಮಾಡಿತು. ಸದ್ದು ನಿಂತಿತು. ಚಿತ್ರಮಂದಿರದಲ್ಲಿ ಪಕ್ಕದವರ ಉಸಿರು ಕೇಳಿಸುವಷ್ಟು ಮೌನ.

ಇನ್ನೊಬ್ಬರು ಕಿಯೊತಾಕಾ ಒಶಿಯಾಮಾ. ತಾತ್ಸುಕಿ ಫುಜಿಮೊಟೊ 2021ರಲ್ಲಿ ಪ್ರಕಟಿಸಿದ ‘ಲುಕ್ ಬ್ಯಾಕ್’ ಮಂಗಾ ಬರೆಯುವ ಇಬ್ಬರು ಹುಡುಗಿಯರ ಕಥೆ. ಅದರಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಒಂದೇ: ಮೇಜಿಗೆ ಬಾಗಿ ಬರೆಯುತ್ತಿರುವ ಹುಡುಗಿಯ ಬೆನ್ನು, ಎದುರಿನ ಕಿಟಕಿಯಾಚೆ ಬದಲಾಗುವ ಋತುಗಳು. 2024ರಲ್ಲಿ 58 ನಿಮಿಷದ ಸಿನಿಮಾ ಮಾಡಿದಾಗ ಒಶಿಯಾಮಾ ಶುಚಿಗೊಳಿಸುವ ಹಂತವನ್ನೇ ತಡೆದರು. ಗೆಂಗಾ ಕಲಾವಿದರ ಪೆನ್ಸಿಲ್ ಗೆರೆ, ಅದರ ದಪ್ಪ ತೆಳು, ಹರಕು, ಎರಡೆರಡು ಸಲ ಎಳೆದ ಗುರುತು, ಎಲ್ಲವೂ ಪರದೆಗೆ ಬರಲಿ ಎಂದು ಬಿಟ್ಟರು. ದೊಡ್ಡ ಪಾಲು ಚಿತ್ರಗಳನ್ನು ತಾವೇ ಬರೆದರು. ತನ್ನ ಚಿತ್ರಗಳನ್ನು ಮೆಚ್ಚುವ ಒಬ್ಬಳು ಇದ್ದಾಳೆಂದು ತಿಳಿದು, ಆ ಇಬ್ಬರಲ್ಲಿ ಒಬ್ಬಳಾದ ಫುಜಿನೊ ಮಳೆಯಲ್ಲಿ ಮನೆಗೆ ನಡೆಯುವ ದೃಶ್ಯ ಮಂಗಾದಲ್ಲಿ ಮಾತಿಲ್ಲದ ಚಿತ್ರ. ಸಿನಿಮಾದಲ್ಲಿ ಅವಳು ಕುಣಿಯುತ್ತಾಳೆ. ಕೈಕಾಲು ಅಂಕೆ ಮೀರಿ, ಚಂದ ಕಾಣಬೇಕೆಂಬ ಹಂಗೇ ಇಲ್ಲದೆ. ಅವಳ ಜೊತೆ ಗೆರೆಯೂ ಕುಣಿಯುತ್ತದೆ. ಚಿತ್ರ ಬರೆಯುವವರ ಬಗೆಗಿನ ಕಥೆಯಲ್ಲಿ ಬರೆದವರ ಕೈ ಕಾಣಿಸಲೇಬೇಕಿತ್ತು. ಕಾಣಿಸಿತು.

ಇವೆಲ್ಲ ವರ್ಷಗಟ್ಟಲೆ ಸಮಯ ಸಿಕ್ಕ ಸಿನಿಮಾಗಳು, ವಾರಕ್ಕೊಂದು ಕಂತು ಕೊಡುವವರನ್ನು ಇವುಗಳ ಜೊತೆ ತೂಗುವುದು ಸರಿಯೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ‘ಮುಶಿಶಿ’ ಟಿ.ವಿ. ಸರಣಿ. ದೆಜಾಕಿ ಅವರದೂ ಟಿ.ವಿ. ಸರಣಿಗಳೇ. ಅವರ ಮುಂದೆಯೂ ಇದ್ದದ್ದು ವಾರಕ್ಕೊಂದು ಕಂತಿನ ಗಡುವೇ. ಯಾವ ಗೆರೆಯನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಕಥೆಯೇ ಹೋಗುತ್ತದೆ ಎಂದು ಅವರು ಪುಟವನ್ನು ಓದಿ ತಿಳಿದುಕೊಂಡಿದ್ದರು.

ಇನೋವೆ ಅವರದೇ ಇನ್ನೊಂದು ಮಂಗಾ ಇದೆ, ‘ವ್ಯಾಗಬಾಂಡ್’. ಮಿಯಾಮೊಟೊ ಮುಸಾಶಿ ಎಂಬ ಖಡ್ಗವೀರನ ಬದುಕು, ಎಯಿಜಿ ಯೊಶಿಕಾವಾ ಅವರ ಕಾದಂಬರಿಯ ಆಧಾರದಲ್ಲಿ. ಶುರುವಿನಲ್ಲಿ ಪೆನ್ನು ಹಿಡಿದಿದ್ದ ಅವರು ಮುಂದೆ ಕುಂಚಕ್ಕೆ ಬಂದರು. ಒಂದೇ ಬೀಸಿಗೆ ಬಂದ ಹುಲ್ಲು, ನೀರು, ಮುದುಕನ ಕತ್ತಿನ ಸುಕ್ಕು ಅಲ್ಲಿವೆ. 1998ರಲ್ಲಿ ಆರಂಭವಾದದ್ದು 37 ಸಂಪುಟಗಳವರೆಗೆ ಬಂದು 2015ರಿಂದ ನಿಂತಿದೆ. ಈವರೆಗೆ ಅದು ಅನಿಮೆಯಾಗಿಲ್ಲ. ಇಂಗ್ಲಿಷ್ ಅನುವಾದ ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಮನೆಯಲ್ಲಿ ಅನಿಮೆ ನೋಡುವ ಮಕ್ಕಳಿದ್ದರೆ ಒಂದು ಸಂಪುಟ ತಂದುಕೊಡಿ. ಕೊಡುವ ಮೊದಲು ಮಾತಿಲ್ಲದ ಒಂದು ಪುಟ ತೆರೆದು ನೀವೂ ಒಂದೆರಡು ನಿಮಿಷ ನೋಡಿ.